ಖಾಲಿ ಗಾಡಿ ಪಾಸಾಯ್ತು, ಲೋಡ್ ಗಾಡಿ ನಿಲ್ಲುತ್ತಾ?

ಆರ್‌ಟಿಒ ಆಫೀಸಲ್ಲಿ ಗಾಡಿ ಪರೀಕ್ಷೆ ಮಾಡೋರ ಸರ್ಕಾರಿ ಹೆಸರು ಮೋಟಾರು ವಾಹನ ನಿರೀಕ್ಷಕರು. ಆದ್ರೆ ನಮ್ಮ ಕಡೂರು, ತರೀಕೆರೆ, ಅಜ್ಜಂಪುರ ಕಡೆ ಯಾವ ಡ್ರೈವರ್‌ನ ಕೇಳಿದ್ರೂ "ಬ್ರೇಕ್ ಇನ್‌ಸ್ಪೆಕ್ಟ್ರು" ಅಂತಾನೇ ಹೇಳ್ತಾರೆ. ಅವರು ಲೈಟು, ಟೈರು, ಹಾರನ್ನು, ಕಾಗದಪತ್ರ ಎಲ್ಲಾನೂ ನೋಡ್ತಾರೆ. ಆದ್ರೂ ಹೆಸರು ಅಂಟಿಕೊಂಡಿದ್ದು ಬ್ರೇಕಿಗೆ. ಈ ಹೆಸರಿಟ್ಟ ಪುಣ್ಯಾತ್ಮ ಯಾರೋ, ವಿಷಯ ಗೊತ್ತಿದ್ದೋರೇ ಇರಬೇಕು.

ಇವತ್ತಿನ ಎಪಿಸೋಡ್ ಹಳೇ ಲಾರಿಯ ಬ್ರೇಕ್ ಬಗ್ಗೆ. ನಿಮ್ಮಲ್ಲಿ ಎಷ್ಟು ಜನರ ಮನೇಲಿ ಲಾರಿ ಇದೆಯೋ ಗೊತ್ತಿಲ್ಲ. ಆದ್ರೆ ಬೀರೂರು ದಾಟಿ ಬೈಕಲ್ಲಿ ಹೋಗ್ತಿರುವಾಗ ಹಿಂದೆ ಒಂದು ಲಾರಿ ಬರ್ತಿರುತ್ತಲ್ಲ, ಅದರ ಬ್ರೇಕು ಅದರ ಓನರ್‌ಗೆ ಎಷ್ಟು ಮುಖ್ಯಾನೋ ನಿಮಗೂ ಅಷ್ಟೇ ಮುಖ್ಯ.

ವಿಷಯ ಶುರುವಾಗಿದ್ದು ನಮ್ಮ ಮಾವನ ಗಾಡಿಯಿಂದ. ಟಾಟಾ 1613, 2007ರ ಮಾಡೆಲ್. ಆ ನಂಬರಲ್ಲೇ ಜಾತಕ ಇದೆ: 16 ಅಂದ್ರೆ ಲೋಡ್ ಸೇರಿ ಸುಮಾರು 16 ಟನ್, 13 ಅಂದ್ರೆ 130 ಎಚ್‌ಪಿ. ಈರುಳ್ಳಿ ಕಾಲದಲ್ಲಿ ಅಜ್ಜಂಪುರದಿಂದ ಯಶವಂತಪುರಕ್ಕೆ ಹೋಗುತ್ತೆ. ಉಳಿದ ದಿನ ಕಡೂರು ಕಡೆಯ ತೆಂಗಿನಕಾಯಿ, ಇಲ್ಲಾಂದ್ರೆ ಗಿರಿ ಕಡೆಯಿಂದ ಸಿಲ್ವರ್ ಓಕ್ ದಿಮ್ಮಿ. ಎಫ್‌ಸಿ ಮುಗಿಯೋಕೆ ಒಂದು ತಿಂಗಳಿತ್ತು. ಮಾವ ಎರಡು ಅಂದಾಜು ಪಟ್ಟಿ ತಂದು ನನ್ನ ಮುಂದೆ ಇಟ್ರು. "ಏನಪ್ಪಾ ಬಿ.ಕಾಂ., ಇನ್ನೆರಡು ವರ್ಷ ಓಡೋ ಗಾಡಿಗೆ ಇಷ್ಟು ದುಡ್ಡು ಹಾಕ್ಬೇಕಾ? ಲೆಕ್ಕ ಮಾಡಿ ಹೇಳು" ಅಂದ್ರು.

ನನಗೆ ಗಾಡಿ ಬಿಚ್ಚೋಕೆ ಬರಲ್ಲ. ಬಿಲ್ಲು ಬಿಚ್ಚೋಕೆ ಬರುತ್ತೆ.

ಒಂದು ಪಟ್ಟಿ 9,000 ರೂಪಾಯಿದು. ಗ್ಯಾರೇಜ್ ಭಾಷೇಲಿ ಇದಕ್ಕೆ "ಎಫ್‌ಸಿ ಕೆಲಸ" ಅಂತಾರೆ. ತೀರಾ ಸವೆದ ಕಡೆ ಲೈನರ್ ಬದಲಿಸೋದು, ಬ್ರೇಕ್ ಟೈಟ್ ಮಾಡೋದು, ಡ್ರಮ್ಮಿಗೆ ಕಪ್ಪು ಬಣ್ಣ ಹೊಡೆಯೋದು, ರೇಡಿಯಂ ಟೇಪ್ ಅಂಟಿಸೋದು. ಇನ್ನೊಂದು ಪಟ್ಟಿ 45,800 ರೂಪಾಯಿದು. ನಾಲ್ಕೂ ಕಡೆ ಹೊಸ ಲೈನರ್, ಹಿಂದಿನ ಎರಡು ಡ್ರಮ್ ಹೊಸದು, ಮುಂದಿನ ಎರಡು ಲೇತ್‌ಗೆ, ಕ್ಯಾಮ್ ಬುಷ್, ಡಯಾಫ್ರಮ್, ಹೋಸ್ ಪೈಪು, ಆಯಿಲ್ ಸೀಲ್, ನಾಲ್ಕು ಆಟೋ ಸ್ಲ್ಯಾಕ್ ಅಡ್ಜಸ್ಟರ್, ಮೇಲೆ ಕೂಲಿ.

ಮೊದಲು ಪುಸ್ತಕದ ಲೆಕ್ಕ ಹೇಳ್ತೀನಿ, ನಗು ಬರುತ್ತೆ. ಬಾಡಿಗೆಗೆ ಓಡೋ ಲಾರಿಗೆ ಆದಾಯ ತೆರಿಗೆ ನಿಯಮದಲ್ಲಿ ವರ್ಷಕ್ಕೆ 30 ಪರ್ಸೆಂಟ್ ಸವಕಳಿ. 10 ಲಕ್ಷದ ಗಾಡಿ ಅಂತ ಇಟ್ಕೊಂಡ್ರೆ 18 ವರ್ಷ ಆದ್ಮೇಲೆ ಪುಸ್ತಕದಲ್ಲಿ ಉಳಿಯೋ ಬೆಲೆ 1,628 ರೂಪಾಯಿ. 1,628 ರೂಪಾಯಿ ಗಾಡಿಗೆ 45,800ರ ಬ್ರೇಕು. ಕಾಲೇಜಲ್ಲಿ ಈ ಉತ್ತರ ಬರೆದಿದ್ರೆ ಲೆಕ್ಚರರ್ ಪೇಪರ್ ಮುಖದ ಮೇಲೆ ಎಸೀತಿದ್ರು.

ಈಗ ಬೀದಿ ಲೆಕ್ಕ. ಎರಡು ಪಟ್ಟಿಗೂ ವ್ಯತ್ಯಾಸ 36,800. ತಿಂಗಳಿಗೆ 25 ದಿನದ ಹಾಗೆ ಎರಡು ವರ್ಷಕ್ಕೆ 600 ದಿನ ಗಾಡಿ ಓಡುತ್ತೆ. ದಿನಕ್ಕೆ 61 ರೂಪಾಯಿ, ಒಂದು ಲೀಟರ್ ಡೀಸೆಲ್‌ಗಿಂತ ಕಡಿಮೆ. ಮಾವನಿಗೆ ಅಷ್ಟು ಹೇಳಿದ್ದಕ್ಕೆ, "ಹಂಗಾದ್ರೆ 9,000ದಲ್ಲಿ ಎಫ್‌ಸಿ ಪಾಸಾಗಲ್ವಾ?" ಅಂತ ಕೇಳಿದ್ರು. ಪಾಸಾಗಬಹುದು ಮಾವ. ತೊಂದರೆ ಇರೋದೇ ಅಲ್ಲಿ.

ಯಾಕೆ ಅಂತ ಹೇಳ್ತೀನಿ. ಎಫ್‌ಸಿಗೆ ಗಾಡಿ ಹೋಗೋದು ಖಾಲಿ. ಟೆಸ್ಟ್ ಆಗೋದು ಸಮತಟ್ಟಾದ ಜಾಗದಲ್ಲಿ, ಡ್ರಮ್ ತಣ್ಣಗಿರುವಾಗ. ನಮಗೆ ಬ್ರೇಕ್ ಬೇಕಾಗೋದು 16 ಟನ್ ತುಂಬಿಕೊಂಡು, ಸಂತವೇರಿ ಕಡೆಯಿಂದ ಲಿಂಗದಹಳ್ಳಿಗೆ ಇಳೀತಾ, ನಾಲ್ಕನೇ ತಿರುವಲ್ಲಿ ಎದುರಿಗೆ ಕೆಎಸ್‌ಆರ್‌ಟಿಸಿ ಬಸ್ ಬಂದಾಗ.

ಆ ಇಳಿಜಾರಲ್ಲಿ ಏನಾಗುತ್ತೆ ಅಂತ ಅಂದಾಜಿಗೆ ಒಂದು ಲೆಕ್ಕ. 16 ಟನ್ ಗಾಡಿ 100 ಮೀಟರ್ ಎತ್ತರದಿಂದ ಕೆಳಗಿಳಿದ್ರೆ ಹೊರಬರೋ ಶಕ್ತಿ ಎಷ್ಟು ಗೊತ್ತಾ? ಬಚ್ಚಲುಮನೆ ಹಂಡೇಲಿ 50 ಲೀಟರ್ ತಣ್ಣೀರು ತುಂಬಿ ಅದು ಕುದಿ ಬರೋಷ್ಟು. ಎಂಜಿನ್ ತಡೆದಷ್ಟು ತಡೆಯುತ್ತೆ, ಮಿಕ್ಕಿದ್ದೆಲ್ಲ ಬ್ರೇಕ್ ಡ್ರಮ್ಮಿಗೇ ಹೋಗ್ಬೇಕು. ನ್ಯೂಟ್ರಲ್ ಮಾಡಿ ಇಳಿದ್ರೆ ಎಂಜಿನ್ ಸಹಾಯಾನೂ ಇಲ್ಲ, ಪೂರ್ತಿ ಹಂಡೆ ಡ್ರಮ್ಮಿನ ತಲೆ ಮೇಲೆ. ಡೀಸೆಲ್ ಉಳಿಯುತ್ತೆ ಅಂತ ನ್ಯೂಟ್ರಲಲ್ಲಿ ಇಳಿಸೋ ಅಣ್ಣಂದಿರು ಇದನ್ನ ಒಂದ್ಸಲ ಯೋಚನೆ ಮಾಡಿ. ಹಳೇ ಡ್ರೈವರ್‌ಗಳು ಹತ್ತೋಕೆ ಯಾವ ಗೇರು ಹಾಕ್ತಿದ್ರೋ ಇಳಿಯೋಕೂ ಅದೇ ಗೇರು ಹಾಕ್ತಿದ್ರು.

ಡ್ರಮ್ ಕಾದ್ರೆ ಹಿಗ್ಗುತ್ತೆ. ಹಿಗ್ಗಿದ್ರೆ ಒಳಗಿರೋ ಲೈನರ್‌ನಿಂದ ದೂರ ಸರಿಯುತ್ತೆ. ಲಾರೀಲಿ ನೀವು ಪೆಡಲ್ ಒತ್ತಿದಾಗ ಗಾಳಿ ಚೇಂಬರ್‌ಗೆ ಹೋಗಿ ಒಂದು ರಾಡ್ ತಳ್ಳುತ್ತೆ. ಆ ರಾಡ್ ಸ್ಲ್ಯಾಕ್ ಅಡ್ಜಸ್ಟರ್ ಅನ್ನೋ ತೋಳನ್ನ ತಿರುಗಿಸುತ್ತೆ, ಅದು ಎಸ್ ಆಕಾರದ ಕ್ಯಾಮ್ ತಿರುಗಿಸಿ ಶೂಗಳನ್ನ ಅಗಲ ಮಾಡುತ್ತೆ. ರಾಡ್ ಹೋಗೋ ದೂರಕ್ಕೆ ಒಂದು ಮಿತಿ ಇದೆ. ಲೈನರ್ ಸವೆದು, ಬುಷ್ ಸಡಿಲಾಗಿ ಅದರಲ್ಲಿ ಅರ್ಧ ದೂರ ಮೊದಲೇ ಖರ್ಚಾಗಿದ್ರೆ, ಡ್ರಮ್ ಹಿಗ್ಗಿದಾಗ ರಾಡ್ ಕೊನೇ ಮುಟ್ಟುತ್ತೆ, ಲೈನರ್ ಮಾತ್ರ ಡ್ರಮ್ಮನ್ನ ಸರಿಯಾಗಿ ಒತ್ತಲ್ಲ. ಕಾಲಡಿ ಪೆಡಲ್ ಇದೆ, ಮೀಟರಲ್ಲಿ ಗಾಳಿ ಇದೆ, ಗಾಡಿ ನಿಲ್ತಿಲ್ಲ. ಖಾಲಿ ಗಾಡೀಲಿ, ತಣ್ಣನೆ ಡ್ರಮ್ಮಲ್ಲಿ ಇದು ಗೊತ್ತೇ ಆಗಲ್ಲ.

ಮಾವ ಐದು ನಿಮಿಷ ಸುಮ್ಮನಿದ್ರು. ಆಮೇಲೆ "ದೊಡ್ಡದೇ ಮಾಡ್ಸು" ಅಂದ್ರು.

ಗ್ಯಾರೇಜಲ್ಲಿ ಚಕ್ರ ಬಿಚ್ಚಿದ ದಿನ ನಾನು ಪೂರ್ತಿ ಅಲ್ಲೇ ಇದ್ದೆ. ಹಿಂದಿನ ಎಡಗಡೆ ಡ್ರಮ್ ಎಳೆದ ತಕ್ಷಣ ಮೇಸ್ತ್ರಿ ಏನೂ ಮಾತಾಡದೆ ಲೈನರ್ ಮೇಲೆ ಬೆರಳು ಸವರಿ ತೋರ್ಸಿದ್ರು. ಎಣ್ಣೆ. ಹಬ್ಬಿನ ಆಯಿಲ್ ಸೀಲ್ ಹೋಗಿ ಲೈನರ್ ಎಣ್ಣೆ ಕುಡಿದಿತ್ತು. ಬ್ರೇಕ್ ಹೊಡೆದಾಗ ಗಾಡಿ ಬಲಕ್ಕೆ ಎಳೆಯುತ್ತೆ ಅಂತ ಡ್ರೈವರ್ ಅಣ್ಣ ಎಷ್ಟೋ ತಿಂಗಳಿಂದ ಹೇಳ್ತಿದ್ರು. ರಸ್ತೆ ಒಂದು ಕಡೆ ಇಳಿಜಾರಿದೆ ಅಂತ ಎಲ್ರೂ ಸಮಾಧಾನ ಹೇಳಿದ್ರು. ಎಣ್ಣೆ ಕುಡಿದ ಲೈನರ್‌ನ ಪೆಟ್ರೋಲಲ್ಲಿ ತೊಳೆದು ಮತ್ತೆ ಹಾಕೋ ಪದ್ಧತಿ ಇದೆ, ದಯವಿಟ್ಟು ಒಪ್ಕೋಬೇಡಿ. ಒಳಗಿಳಿದ ಎಣ್ಣೆ ಡ್ರಮ್ ಕಾದಾಗ ಮತ್ತೆ ಮೇಲೆ ಬರುತ್ತೆ. ಸೀಲ್ ಹೊಸದು ಹಾಕಿ, ಆ ಆಕ್ಸಲ್‌ನ ಎರಡೂ ಕಡೆ ಲೈನರ್ ಒಟ್ಟಿಗೆ ಬದಲಿಸಬೇಕು. ಒಂದು ಕಡೆ ಹೊಸದು ಇನ್ನೊಂದು ಕಡೆ ಹಳೇದು ಅಂದ್ರೆ ಗಾಡಿ ಮತ್ತೆ ಎಳೆಯುತ್ತೆ.

ಏರ್ ಟ್ಯಾಂಕಿನ ಕೆಳಗಿನ ವಾಲ್ವ್ ತೆಗೆದ್ರೆ ಟೀ ಬಣ್ಣದ ನೀರು. ಗಾಳಿ ಜೊತೆ ತೇವ ಬಂದು ಟ್ಯಾಂಕಲ್ಲಿ ನಿಲ್ಲುತ್ತೆ, ವಾಲ್ವ್‌ಗಳನ್ನ ತುಕ್ಕು ಹಿಡಿಸುತ್ತೆ. ದಿನಾ ಬೆಳಿಗ್ಗೆ ನೀರು ಬಿಡೋಕೆ ಒಂದು ಪೈಸೆ ಖರ್ಚಿಲ್ಲ.

ಅಲ್ಲಿ ಕೆಲಸಕ್ಕಿದ್ದ ಒಬ್ಬ ಹುಡುಗ, ಹತ್ತೊಂಬತ್ತೋ ಇಪ್ಪತ್ತೋ ಇರಬೇಕು, ಏರ್ ಪೈಪ್ ಹಿಡಿದು ಡ್ರಮ್ಮಿನ ಧೂಳು ಊದ್ತಿದ್ದ. ಮಾಸ್ಕ್ ಇಲ್ಲ. ಹಳೇ ಲೈನರ್‌ಗಳಲ್ಲಿ ಕಲ್ನಾರು, ಅಂದ್ರೆ ಆಸ್ಬೆಸ್ಟಾಸ್ ಇರ್ತಿತ್ತು. ಅದರ ಧೂಳು ಶ್ವಾಸಕೋಶಕ್ಕೆ ಹೋದ್ರೆ ಇಪ್ಪತ್ತು ಮೂವತ್ತು ವರ್ಷ ಆದ್ಮೇಲೂ ಕ್ಯಾನ್ಸರ್ ಬರಬಹುದು. ಒದ್ದೆ ಬಟ್ಟೇಲಿ ಒರೆಸಿದ್ರೆ ಸಾಕು. ನಾನು ಹೇಳಿದ್ದಕ್ಕೆ ಅವನು ನಕ್ಕ. ಮೇಸ್ತ್ರಿ ಹೇಳಿದ್ಮೇಲೆ ಬಟ್ಟೆ ನೆನೆಸ್ಕೊಂಡು ಬಂದ. ಗ್ಯಾರೇಜಲ್ಲಿ ಕೆಲಸ ಮಾಡೋ ಗೆಳೆಯರಿಗೆ ಇನ್ನೂ ಒಂದು ಮಾತು: ಹಿಂದಿನ ಚಕ್ರದ ಪಾರ್ಕಿಂಗ್ ಬ್ರೇಕ್ ಚೇಂಬರ್ ಒಳಗೆ ಭಾರೀ ಸ್ಪ್ರಿಂಗನ್ನ ಒತ್ತಿ ಕೂರಿಸಿರ್ತಾರೆ. ಅದರ ಕ್ಲ್ಯಾಂಪ್ ಬಿಚ್ಚಿ ನೋಡೋಣ ಅಂತ ಹೋದ್ರೆ ಅದು ಎಗರಿ ಪ್ರಾಣ ತೆಗೆಯುತ್ತೆ. ಕೆಟ್ಟರೆ ಇಡೀ ಚೇಂಬರ್ ಬದಲಿಸಿ.

ಈಗ ಅಪ್‌ಗ್ರೇಡ್ ಅನ್ನೋ ಪದಕ್ಕೆ ಬರ್ತೀನಿ. ಇನ್‌ಸ್ಟಾಗ್ರಾಮಲ್ಲಿ ಇಬ್ಬರು ಕೇಳಿದ್ರು, ಹಳೇ ಲಾರಿಗೆ ಡಿಸ್ಕ್ ಬ್ರೇಕ್ ಹಾಕಿಸಬಹುದಾ, ಎಬಿಎಸ್ ಹಾಕಿಸಬಹುದಾ ಅಂತ. ಬೈಕ್ ತಲೇಲಿಟ್ಕೊಂಡು ಕೇಳೋ ಪ್ರಶ್ನೆ ಅದು, ತಪ್ಪೇನಿಲ್ಲ. ಡಿಸ್ಕ್ ಬೇಕಂದ್ರೆ ಹಬ್, ಆಕ್ಸಲ್, ಚೇಂಬರ್ ಎಲ್ಲ ಬದಲಾಗಬೇಕು. ಎಬಿಎಸ್‌ಗೆ ಪ್ರತಿ ಚಕ್ರಕ್ಕೆ ಸೆನ್ಸರ್, ಬೇರೆ ವಾಲ್ವ್, ಕಂಪ್ಯೂಟರ್ ಬೇಕು. ಅದರ ಮೇಲೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ, ಕಂಪನಿ ಕೊಟ್ಟ ಗಾಡೀನ ನಮ್ಮಿಷ್ಟಕ್ಕೆ ಮಾರ್ಪಡಿಸೋ ಹಾಗಿಲ್ಲ. ಆ ದುಡ್ಡಿದ್ರೆ ಎಬಿಎಸ್ ಇರೋ ಸೆಕೆಂಡ್ ಹ್ಯಾಂಡ್ ಗಾಡಿ ನೋಡ್ಕೊಳ್ಳಿ.

ನಮ್ಮ 1613ಗೆ ನಿಜವಾದ ಅಪ್‌ಗ್ರೇಡ್ ಅಂದ್ರೆ ಒಂದೇ, ಆಟೋ ಸ್ಲ್ಯಾಕ್ ಅಡ್ಜಸ್ಟರ್. ಅದರಲ್ಲಿ ಇದ್ದಿದ್ದು ಸ್ಪ್ಯಾನರ್ ಹಾಕಿ ಕೈಯಲ್ಲಿ ತಿರುಗಿಸೋ ಹಳೇ ಅಡ್ಜಸ್ಟರ್. ಲೈನರ್ ಸವೆದ ಹಾಗೆಲ್ಲ ಯಾರಾದ್ರೂ ಗಾಡಿ ಕೆಳಗೆ ನುಗ್ಗಿ ತಿರುಗಿಸ್ತಿರಬೇಕು. ಈರುಳ್ಳಿ ಸೀಸನ್ನಲ್ಲಿ ನಿದ್ದೆಗೇ ಟೈಮಿಲ್ಲ, ಯಾರು ನುಗ್ತಾರೆ? ಆಟೋ ಆದ್ರೆ ಬ್ರೇಕ್ ಹಿಡಿದಾಗೆಲ್ಲ ತಾನೇ ಸರಿ ಮಾಡ್ಕೊಳ್ಳುತ್ತೆ. ಗಾಡಿ ಮಾಡೆಲ್‌ಗೆ ಹೊಂದೋದೇ ಬೇಕು, ಆಕ್ಸಲ್‌ನ ಎರಡೂ ಕಡೆಗೂ ಒಟ್ಟಿಗೇ ಹಾಕ್ಬೇಕು. ಹಾಕಿದ ಮೇಲೂ ಮೇಲಿಂದ ಮೇಲೆ ಕೈಯಲ್ಲಿ ಟೈಟ್ ಮಾಡೋ ಪರಿಸ್ಥಿತಿ ಬಂದ್ರೆ ತೊಂದರೆ ಬೇರೆ ಎಲ್ಲೋ ಇದೆ ಅಂತ ಅರ್ಥ, ಹುಡುಕಿ.

ಎಫ್‌ಸಿ ವಿಷಯ ಬೇಗ ಹೇಳಿ ಮುಗಿಸ್ತೀನಿ. ಎಂಟು ವರ್ಷದ ತನಕ ಎರಡು ವರ್ಷಕ್ಕೊಮ್ಮೆ, ಎಂಟು ದಾಟಿದ ಗಾಡಿಗೆ ಪ್ರತಿ ವರ್ಷ. ಅವಧಿ ಮುಗಿದ್ರೆ ದಿನಕ್ಕೆ 50 ರೂಪಾಯಿ ದಂಡ. ಅದಕ್ಕಿಂತ ದೊಡ್ಡ ಹೊಡೆತ ಬೇರೆ ಇದೆ: ಎಫ್‌ಸಿ ಇಲ್ಲದ ಗಾಡೀನ ಕಾನೂನು ಸರಿಯಾಗಿ ನೋಂದಣಿ ಆದ ಗಾಡಿ ಅಂತಾನೇ ಒಪ್ಪಲ್ಲ, ಅಪಘಾತ ಆದ್ರೆ ಇನ್ಶೂರೆನ್ಸ್‌ನವರಿಗೆ ತಕರಾರು ತೆಗೆಯೋಕೆ ಬಾಗಿಲು ತೆರೆದ ಹಾಗೆ. ಮೊದಲು ನಮ್ಮ ಜಿಲ್ಲೆಗೆಲ್ಲ ಚಿಕ್ಕಮಗಳೂರಿನ ಕೆಎ 18 ಒಂದೇ ಇತ್ತು, ಈಗ ತರೀಕೆರೇಲೂ ಕೆಎ 66 ಆಫೀಸಿದೆ. 2025ರ ನವೆಂಬರಲ್ಲಿ ಕೇಂದ್ರ ಸರ್ಕಾರ ಹಳೇ ಗಾಡಿಗಳ ಫಿಟ್‌ನೆಸ್ ಶುಲ್ಕ ಜೋರಾಗಿ ಏರಿಸ್ತು, 20 ವರ್ಷ ದಾಟಿದ ಹೆವಿ ಗಾಡಿಗೆ 25,000 ರೂಪಾಯಿ ಅಂತ. ಕಟ್ಟೋ ಮುಂಚೆ ಪರಿವಾಹನ್ ವೆಬ್‌ಸೈಟಲ್ಲಿ ಆವತ್ತಿನ ದರ ನೋಡ್ಕೊಳ್ಳಿ. ಮಾವ "ಇನ್ನೆರಡು ವರ್ಷ" ಅಂದಿದ್ದು ಈ ಲೆಕ್ಕದ ಮೇಲೇನೇ.

ಯಂತ್ರದಿಂದ ಟೆಸ್ಟ್ ಮಾಡೋ ಕೇಂದ್ರಗಳಿಗೆ 2021ರಲ್ಲಿ ನಿಯಮ ಬಂತು, ಕಡ್ಡಾಯ ಮಾಡೋ ದಿನಾಂಕ ಮುಂದಕ್ಕೆ ಹೋಗ್ತಾ ಬಂತು. ಅಲ್ಲಿ ಚಕ್ರನ ರೋಲರ್ ಮೇಲೆ ನಿಲ್ಲಿಸಿ, ಎಡಕ್ಕೆಷ್ಟು ಬಲಕ್ಕೆಷ್ಟು ಬ್ರೇಕ್ ಹಿಡೀತು ಅಂತ ಬೇರೆ ಬೇರೆ ಅಳೀತಾರೆ. ಎಣ್ಣೆ ಕುಡಿದ ಲೈನರ್ ಅಲ್ಲಿ ಸಿಕ್ಕಿಬೀಳುತ್ತೆ. ಕಪ್ಪು ಬಣ್ಣಕ್ಕೆ ರೋಲರ್ ಮೋಸ ಹೋಗಲ್ಲ. ನಮ್ಮ ಲಾರಿ ಮಾಲೀಕರು ಇದನ್ನ ಬೈತಾರೆ. ಶುಲ್ಕ, ದೂರ ಅಂತ ಬೈಯೋದು ನ್ಯಾಯಾನೇ. ಆದ್ರೆ ರೋಲರ್ ಮೇಲೆ ಮಾತ್ರ ನನಗೆ ಸಿಟ್ಟಿಲ್ಲ. ಯಾಕಂದ್ರೆ ಈ ಓಡಾಟದಲ್ಲಿ ಒಬ್ಬ ಏಜೆಂಟ್, ಯಾವೂರು ಅಂತ ಬೇಡ, "ಟೈರು ಬಾಡಿಗೆಗೆ ಕೊಡಿಸ್ತೀನಿ, ಒಂದಿನ ಹಾಕ್ಕೊಂಡು ಪಾಸ್ ಮಾಡ್ಕೊಂಡು ವಾಪಸ್ ಕೊಡಿ" ಅಂದ. ಮದುವೆಗೆ ಶಾಮಿಯಾನ ಕೊಡಿಸ್ತೀನಿ ಅನ್ನೋ ಅಷ್ಟೇ ಸಲೀಸಾಗಿ.

ನಮ್ಮ ಗಾಡಿ ಮೊದಲ ಸಲ ವಾಪಸ್ ಬಂತು. ಬ್ರೇಕಿಗಲ್ಲ, ಹಿಂದಿನ ರಿಫ್ಲೆಕ್ಟರ್ ಟೇಪ್ ಒಂದು ಕಡೆ ಕಿತ್ತು ಬಂದಿತ್ತು ಅಂತ. ಮಾವ ನನ್ನ ಮುಖ ನೋಡಿದ ರೀತಿ ನಾನು ಮರೆಯಲ್ಲ. ಟೇಪ್ ಹಾಕಿಸಿ ಮತ್ತೆ ಹೋಗಿ ಪಾಸಾಯ್ತು. ಹೊಸ ಲೈನರ್ ಡ್ರಮ್ಮಿಗೆ ಕೂರೋ ತನಕ ಕೆಲವು ದಿನ ಹಗುರ ಲೋಡಲ್ಲೇ ಓಡಿಸಿದ್ವಿ. ಡ್ರೈವರ್ ಅಣ್ಣನ ದೂರು ಈಗ ಒಂದೇ: ಬ್ರೇಕ್ ಹಿಡಿದ್ರೆ ಸೀಟಲ್ಲಿಟ್ಟ ಊಟದ ಕ್ಯಾರಿಯರ್ ಕೆಳಗೆ ಬೀಳುತ್ತೆ.

ಮನೇಲಿ ಗಾಡಿ ಇರೋರು ಈ ಭಾನುವಾರ ಒಂದು ಕೆಲಸ ಮಾಡಿ. ಸಮ ಜಾಗದಲ್ಲಿ ನಿಲ್ಲಿಸಿ, ಚಕ್ರಕ್ಕೆ ಮುಂದೆ ಹಿಂದೆ ಕಲ್ಲು ಕೊಡಿ. ಗಾಳಿ ಪೂರ್ತಿ ತುಂಬಲಿ, ಎಂಜಿನ್ ಆಫ್ ಮಾಡಿ, ಹ್ಯಾಂಡ್ ಬ್ರೇಕ್ ಬಿಡಿ. ಚೇಂಬರಿಂದ ರಾಡ್ ಹೊರಗೆ ಬರೋ ಜಾಗದಲ್ಲಿ ಚಾಕ್‌ಪೀಸಲ್ಲಿ ಗುರುತು ಹಾಕಿ, ಕೈ ಹೊರಗೆ ತಗೊಂಡ್ಮೇಲೆ ಇನ್ನೊಬ್ಬರಿಗೆ ಪೆಡಲ್ ಒತ್ತಿ ಹಿಡಿಯೋಕೆ ಹೇಳಿ. ಗುರುತು ಎಷ್ಟು ಮುಂದೆ ಬಂತು ಅಂತ ಸ್ಕೇಲಲ್ಲಿ ಅಳೆಯಿರಿ. ನಾಲ್ಕೂ ಚಕ್ರದ್ದು ಬರೆದಿಟ್ಕೊಳ್ಳಿ. ಒಂದೇ ಆಕ್ಸಲ್‌ನ ಎಡಕ್ಕೂ ಬಲಕ್ಕೂ ಎದ್ದು ಕಾಣೋ ವ್ಯತ್ಯಾಸ ಇದ್ರೆ, ಅಥವಾ ಪೆಡಲ್ ಒತ್ತಿ ಹಿಡಿದಾಗ ಗಾಳಿ ಮುಳ್ಳು ಇಳೀತಾ ಹೋದ್ರೆ, ಮುಂದಿನ ಲೋಡ್ ಹತ್ತಿಸೋ ಮುಂಚೆ ಆ ಚೀಟಿ ತಗೊಂಡು ಮೇಸ್ತ್ರಿ ಹತ್ರ ಹೋಗಿ. ಅಳತೆ ಎಷ್ಟು ಬಂತು ಅಂತ ನನಗೂ ಒಂದು ವಾಯ್ಸ್ ನೋಟ್ ಕಳ್ಸಿ.