ಕ್ಲಾರ್ಕರ ಮನೆ

ಕೋಟೆ ಕೊತ್ತಲಗಳನ್ನು ಉಳಿಸಿಕೊಳ್ಳುವುದು ಎಲ್ಲ ಕಡೆಯೂ ಇದ್ದದ್ದೇ. ಆದರೆ ಇವತ್ತು ನಾನು ಹೇಳಹೊರಟಿರುವುದು ಒಬ್ಬ ರೈತನ ಮನೆಯ ಕಥೆ.

ಅಮೆರಿಕದ ನ್ಯೂಜೆರ್ಸಿಯಲ್ಲಿ, ಪ್ರಿನ್ಸ್‌ಟನ್ ರಣರಂಗದ ಅಂಚಿನಲ್ಲಿ, ಮರದ ಹಲಗೆ ಹೊದಿಸಿದ ಆ ಬಿಳಿ ಮನೆ ಇದೆ. 1772ರ ಸುಮಾರಿಗೆ ಅದನ್ನು ಕಟ್ಟಿಸಿದವನು ಥಾಮಸ್ ಕ್ಲಾರ್ಕ್. ಈತ ಕ್ವೇಕರ್ ಪಂಥದವನು. ಆ ಪಂಥದವರಿಗೆ ಆಯುಧ ಹಿಡಿಯುವುದು ನಿಷಿದ್ಧ. ಅಂಥವರ ಹೊಲಕ್ಕೇ 1777ರ ಜನವರಿ 3ರ ಬೆಳಗ್ಗೆ ಅಮೆರಿಕದ ಸ್ವಾತಂತ್ರ್ಯ ಯುದ್ಧ ನುಗ್ಗಿತು.

ಹಿಂದಿನ ರಾತ್ರಿ ಟ್ರೆಂಟನ್ನಿನಲ್ಲಿ ಅಮೆರಿಕನ್ ಸೇನಾಪತಿ ಜಾರ್ಜ್ ವಾಷಿಂಗ್ಟನ್ನನ ದಂಡಿಗೆದುರಾಗಿ ಬೀಡುಬಿಟ್ಟಿದ್ದವನು ಬ್ರಿಟಿಷ್ ಜನರಲ್ ಕಾರ್ನ್‌ವಾಲಿಸ್. ಹೌದು, 1791ರಲ್ಲಿ ನಮ್ಮ ಬೆಂಗಳೂರು ಕೋಟೆಯನ್ನು ಹಿಡಿದು, ಮರುವರ್ಷ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಳುಗಳಾಗಿ ಒಯ್ದ ಅದೇ ಕಾರ್ನ್‌ವಾಲಿಸ್. ಆ ರಾತ್ರಿ ಮಾತ್ರ ಅವನು ಮೋಸಹೋದ. ಬೀಡಿನ ಬೆಂಕಿ ಆರದಂತೆ ನೋಡಿಕೊಂಡು, ಫಿರಂಗಿ ಗಾಡಿಗಳ ಚಕ್ರಕ್ಕೆ ಬಟ್ಟೆ ಸುತ್ತಿಸಿ, ಹೆಪ್ಪುಗಟ್ಟಿದ ದಾರಿಯಲ್ಲಿ ವಾಷಿಂಗ್ಟನ್ ಸದ್ದಿಲ್ಲದೆ ಪ್ರಿನ್ಸ್‌ಟನ್ ಕಡೆಗೆ ಜಾರಿಕೊಂಡ.

ಬೆಳಕು ಹರಿದಾಗ ಕ್ಲಾರ್ಕ್ ಕುಟುಂಬದ ಹಣ್ಣಿನ ತೋಟದ ಬಳಿ ಬ್ರಿಟಿಷ್ ತುಕಡಿ ಎದುರಾಯಿತು. ವಾಷಿಂಗ್ಟನ್ನನ ಕಡೆಯ ಜನರಲ್ ಹ್ಯೂ ಮರ್ಸರನ ಕುದುರೆ ಗುಂಡೇಟಿಗೆ ಕುಸಿಯಿತು. ಶರಣಾಗಲು ಒಪ್ಪದ ಅವನನ್ನು ಬಯೊನೆಟ್ಟುಗಳಿಂದ ತಿವಿದರು. ಅವನನ್ನು ಹೊತ್ತು ತಂದದ್ದು ಈ ಮನೆಗೆ. ಮರ್ಸರ್ ಸ್ವತಃ ವೈದ್ಯ. ಸ್ಕಾಟ್ಲೆಂಡಿನ ಕಲೋಡನ್ ಯುದ್ಧದಲ್ಲಿ ಸೋತ ಸೇನೆಯ ಜೊತೆಗಿದ್ದು, ತಲೆಮರೆಸಿಕೊಂಡು ಅಮೆರಿಕಕ್ಕೆ ಬಂದವನು. ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ್ದ ಡಾಕ್ಟರ್ ಬೆಂಜಮಿನ್ ರಶ್ ಬಂದು ನೋಡಿದರೂ ಪ್ರಾಣ ಉಳಿಯಲಿಲ್ಲ. ಜನವರಿ 12ರಂದು ಮರ್ಸರ್ ಇಲ್ಲೇ ತೀರಿಕೊಂಡ.

ನನ್ನ ಮನಸ್ಸು ನಿಲ್ಲುವುದು ಆ ಒಂಬತ್ತು ದಿನಗಳಲ್ಲಿ. ಯುದ್ಧವನ್ನೇ ಒಪ್ಪದ ಆ ಮನೆಯವರು ಎರಡೂ ಕಡೆಯ ಗಾಯಾಳುಗಳಿಗೆ ಒಳಗೆ ಜಾಗ ಮಾಡಿಕೊಟ್ಟರು. ಮರ್ಸರನ ಆರೈಕೆ ಮಾಡಿದವರು ಕ್ಲಾರ್ಕ್ ಮನೆಯ ಹೆಣ್ಣುಮಕ್ಕಳು. ಕೊರೆಯುವ ಚಳಿಯಲ್ಲಿ ಗಾಯ ತೊಳೆದು, ಬಟ್ಟೆ ಬದಲಿಸಿ, ನರಳುವವನ ಪಕ್ಕ ರಾತ್ರಿ ಕಳೆಯುವುದೆಂದರೆ ಏನೆಂದು ರೋಗಿಯನ್ನು ನೋಡಿಕೊಂಡವರಿಗೆಲ್ಲ ಗೊತ್ತು. ಮರ್ಸರನ ಹೆಸರು ಅಲ್ಲಿನ ಜಿಲ್ಲೆಗೇ ಬಂತು. ಆ ಹೆಣ್ಣುಮಕ್ಕಳ ನೆನಪಿಗೆ ಉಳಿದಿರುವುದು ಈ ಮನೆ. ಯಾವ ವಿಜಯಸ್ತಂಭಕ್ಕಿಂತಲೂ ಇದು ದೊಡ್ಡದೆಂದೇ ನಾನು ಭಾವಿಸುತ್ತೇನೆ.

ಮಕ್ಕಳು ಮೊಮ್ಮಕ್ಕಳನ್ನು ನೋಡಲು ನ್ಯೂಜೆರ್ಸಿಗೆ ಹೋಗುವವರು ನಿಮ್ಮಲ್ಲೂ ಇರಬಹುದು. ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಈ ಮನೆಗೂ ಹೋಗಿ ಬನ್ನಿ. ಆಮೇಲೆ ರಸ್ತೆ ದಾಟಿ, ಕಲ್ಲಿನ ಕಂಬಸಾಲಿನ ಹಿಂದಿರುವ ಸಮಾಧಿಯ ಮುಂದೆಯೂ ಒಂದು ಗಳಿಗೆ ನಿಲ್ಲಿ. ಅಲ್ಲಿ 21 ಬ್ರಿಟಿಷ್ ಸೈನಿಕರನ್ನೂ 15 ಅಮೆರಿಕನ್ ಸೈನಿಕರನ್ನೂ ಒಟ್ಟಿಗೇ ಮಣ್ಣುಮಾಡಿದ್ದಾರೆ.