ಅರಸುಪೀಠವೂ ಗುರುಪೀಠವೂ

(ಮಠದ ಮಹೋತ್ಸವದ ಸಂದರ್ಭದಲ್ಲಿ ಮುಳಬಾಗಿಲಿನಲ್ಲಿ ಮಾಡಿದ ಉಪನ್ಯಾಸ)



ಇಂತಹ ಮಹೋತ್ಸವಗಳಲ್ಲಿ ಅರಸರು ಮಠಗಳಿಗಿತ್ತ ಭೂದಾನಗಳನ್ನೂ ಬಿರುದುಬಾವಲಿಗಳನ್ನೂ ಕೊಂಡಾಡುವುದು ವಾಡಿಕೆ. ಅದು ತಪ್ಪಲ್ಲ; ಉಪಕಾರಸ್ಮರಣೆಯೂ ಧರ್ಮವೇ ಸರಿ. ಆದರೆ ಕೊಟ್ಟ ಅರಸನಿಗೆ ಪೀಠದ ಮೇಲೆ ಎಷ್ಟು ಅಧಿಕಾರ, ಪಡೆದ ಪೀಠಕ್ಕೆ ಅರಸನ ಮುಂದೆ ಎಷ್ಟು ಸ್ವಾತಂತ್ರ್ಯ ಎಂಬುದನ್ನು ನಾವು ವಿಚಾರಮಾಡುವುದು ಕಡಮೆ. ನಮ್ಮ ಹಿರಿಯರು ಈ ವಿಷಯದಲ್ಲಿ ಹೇಗೆ ನಡೆದುಕೊಂಡರೆಂಬುದನ್ನು ಶಾಸ್ತ್ರ ಶಾಸನಗಳ ಆಧಾರದಿಂದ ಯಥಾಮತಿಯಾಗಿ ಅರಿಕೆಮಾಡುವೆನು.

ಈ ವಿಚಾರವು ನಮ್ಮ ನಾಡಿಗೆ ಮಾತ್ರ ಮೀಸಲಾದುದಲ್ಲ. ಯೂರೋಪಿನಲ್ಲಿ ಬಿಷಪ್ಪರನ್ನು ಪೀಠಕ್ಕೇರಿಸುವ ಹಕ್ಕು ಪೋಪನದೋ ಚಕ್ರವರ್ತಿಯದೋ ಎಂಬುದಾಗಿ ದೀರ್ಘಕಾಲ ಕಲಹವು ನಡೆಯಿತು. 1077ರಲ್ಲಿ ನಾಲ್ಕನೆಯ ಹೆನ್ರಿಯು ಕನೋಸ್ಸದ ಕೋಟೆಯ ಮುಂದೆ ಹಿಮದಲ್ಲಿ ಮೂರು ದಿನ ಕಾದು ಏಳನೆಯ ಗ್ರೆಗರಿಯ ಕ್ಷಮೆಯನ್ನು ಬೇಡಿದನು. ಅದೇ ಹೆನ್ರಿಯು 1084ರಲ್ಲಿ ಸೈನ್ಯಸಮೇತನಾಗಿ ರೋಮನ್ನು ಹೊಕ್ಕು ಬೇರೊಬ್ಬ ಪೋಪನನ್ನು ಸ್ಥಾಪಿಸಿದನು. ಕಡೆಗೆ 1122ರ ವರ್ಮ್ಸ್ ಒಡಂಬಡಿಕೆಯಿಂದ, ಗುರುತ್ವದ ಚಿಹ್ನೆಗಳಾದ ಉಂಗುರವೂ ದಂಡವೂ ಧರ್ಮಸಭೆಯಿಂದಲೂ, ಭೂಮಿಕಾಣಿಗಳ ಚಿಹ್ನೆಯಾದ ರಾಜದಂಡವು ಚಕ್ರವರ್ತಿಯಿಂದಲೂ ದೊರೆಯತಕ್ಕದ್ದೆಂದು ನಿಶ್ಚಯವಾಯಿತು.

ಅಲ್ಲಿ ಧರ್ಮಕ್ಕೆ ಒಬ್ಬನೇ ಒಡೆಯನಿದ್ದನು. ನಮ್ಮಲ್ಲಿಯಾದರೋ ಶೈವ, ವೈಷ್ಣವ, ಜೈನ, ವೀರಶೈವ ಎಂದು ಸಮಯಗಳು ಅನೇಕ. ಎಲ್ಲಕ್ಕೂ ಮೇಲಾದ ಒಬ್ಬ ಗುರುವಿಲ್ಲ. ಆದುದರಿಂದ ಒಬ್ಬ ಅರಸನು ಹಲವು ಸಮಯಗಳನ್ನು ಹೇಗೆ ಕಾಣಬೇಕು, ಅರಸನ ಆದರಕ್ಕೆ ಪಾತ್ರವಾದ ಸಮಯವು ಉಳಿದವರೊಡನೆ ಹೇಗೆ ನಡೆಯಬೇಕು ಎಂಬುದೇ ಇಲ್ಲಿನ ಪ್ರಶ್ನೆಯಾಯಿತು.

ಈ ಪ್ರಶ್ನೆಗೆ ಶಾಸ್ತ್ರದ ಉತ್ತರವು ಕಲ್ಯಾಣಪಟ್ಟಣದಲ್ಲಿಯೇ ಬರೆಯಲ್ಪಟ್ಟಿತು. ಆರನೆಯ ವಿಕ್ರಮಾದಿತ್ಯನ (1076-1126) ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ರಚಿಸಿದನು. ಅಲ್ಲಿಯ ಸಂವಿದ್ವ್ಯತಿಕ್ರಮ ಪ್ರಕರಣದಲ್ಲಿ, ಶ್ರೇಣಿಗಳು, ವರ್ತಕರು ಮೊದಲಾದ ಸಮೂಹಗಳೊಂದಿಗೆ ವೇದಪ್ರಾಮಾಣ್ಯವನ್ನೊಪ್ಪದ ಪಾಷಂಡರ ವಿಶೇಷಾಚಾರಗಳನ್ನೂ ಅರಸನು ಕಾಪಾಡಬೇಕೆಂದು ವಿಧಿಸಲಾಗಿದೆ. ಅರಸನು ತಾನು ನಂಬದ ಆಚಾರಕ್ಕೂ ಕಾವಲುಗಾರನಾಗಿರಬೇಕೆಂಬುದು ಇದರ ಭಾವ.

ಶಾಸ್ತ್ರವಿದ್ದ ಮಾತ್ರಕ್ಕೆ ನಡತೆಯು ಹಾಗೆಯೇ ಇರುವುದೆಂದು ತಿಳಿಯಬಾರದು. ಒಂದು ಶತಮಾನ ಕಳೆಯುವ ಮೊದಲೇ, ಅದೇ ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರು ಅನುಭಾವದ ಹೊಸ ಹಾದಿಯನ್ನು ತೆರೆದರು. ಹರಳಯ್ಯ ಮಧುವರಸರ ಮಕ್ಕಳ ವಿವಾಹಸಂಬಂಧವನ್ನು ಸಹಿಸದೆ ಅರಸನು ಆ ಇಬ್ಬರಿಗೆ ಘೋರಶಿಕ್ಷೆಯನ್ನು ವಿಧಿಸಿದನೆಂದೂ, ಬಸವಣ್ಣನವರು ಕಲ್ಯಾಣವನ್ನು ಬಿಟ್ಟು ಕೂಡಲಸಂಗಮಕ್ಕೆ ನಡೆದರೆಂದೂ, ಅನಂತರ ಬಿಜ್ಜಳನ ಕೊಲೆಯಾಯಿತೆಂದೂ ಶರಣಚರಿತೆಗಳು ಹೇಳುವುವು. ಅರಸನು ಶರಣರ ಬಾಳಿನೊಳಗೆ ಕೈಯಿಟ್ಟುದು ಅನ್ಯಾಯವೇ ಸರಿ. ಆದರೆ ಅರಸನ ರಕ್ತದಿಂದ ಶರಣಧರ್ಮಕ್ಕೆ ಲಾಭವಾಯಿತೆಂದು ಹೇಳಲಾರೆವು. ಶರಣರು ಚದುರಿದರು, ವಚನದ ಕಟ್ಟುಗಳನ್ನು ಹೊತ್ತು ಉಳವಿಯ ಕಾಡುದಾರಿಯನ್ನು ಹಿಡಿದವರಿಂದ ಧರ್ಮವು ಉಳಿಯಿತು.

ಇನ್ನು ನಾವು ಕುಳಿತಿರುವ ಈ ಊರಿನ ಮಾತಿಗೆ ಬರೋಣ. ಮೂಡಲಬಾಗಿಲೆಂಬುದೇ ಮುಳಬಾಗಿಲಾಯಿತೆಂದು ಹೇಳುವರು. ವಿಜಯನಗರದ ಕಾಲದಲ್ಲಿ ಇದು ಮುಳುವಾಯಿರಾಜ್ಯದ ಮುಖ್ಯಸ್ಥಾನವಾಗಿತ್ತು. ಬುಕ್ಕರಾಯನ ಮಗನಾದ ಕಂಪಣನು ಇಲ್ಲಿದ್ದು ಆಳಿದನು; ಅವನ ಮಧುರಾವಿಜಯವನ್ನು ರಾಣಿಯಾದ ಗಂಗಾದೇವಿಯು ಸಂಸ್ಕೃತಕಾವ್ಯವಾಗಿ ಬರೆದಿರುವಳು.

ಆ ಕಂಪಣನ ತಂದೆಯಾದ ಬುಕ್ಕರಾಯನ ಮುಂದೆ 1368ರಲ್ಲಿ ಒಂದು ವ್ಯಾಜ್ಯವು ಬಂದಿತು. ಶ್ರೀವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆಯೆಂದು ಆನೆಗೊಂದಿ, ಪೆನುಗೊಂಡೆ ಮೊದಲಾದ ಊರುಗಳ ಜೈನರು ಮೊರೆಯಿಟ್ಟರು. ರಾಯನು ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿರಿಸಿ, ಉಭಯದರ್ಶನಗಳಿಗೂ ಭೇದವಿಲ್ಲವೆಂದು ಸಾರಿ, ಪಂಚಮಹಾವಾದ್ಯ ಕಲಶಗಳ ಮರ್ಯಾದೆಯು ಜೈನರಿಗೆ ಹಿಂದಿನಂತೆಯೇ ಸಲ್ಲುವುದೆಂದು ವಿಧಿಸಿದನು. ಜೈನರ ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣವನ್ನೆತ್ತಿ, ಬೆಳಗೊಳದಲ್ಲಿ ಇಪ್ಪತ್ತು ಮಂದಿ ಕಾವಲಿನವರನ್ನಿಟ್ಟು, ಮಿಕ್ಕ ಹಣದಿಂದ ಜೀರ್ಣಜಿನಾಲಯಗಳಿಗೆ ಸುಣ್ಣ ಬಳಿಸಬೇಕೆಂದು ಏರ್ಪಾಟಾಯಿತು. ಈ ಕೆಲಸವನ್ನು ವಹಿಸಿಕೊಂಡವನು ವೈಷ್ಣವನಾದ ತಿರುಮಲೆಯ ತಾತಯ್ಯನು! ಯಾರಿಂದ ಭಯವಿತ್ತೋ ಅವರನ್ನೇ ಕಾಪಿಗೆ ಹೊಣೆಮಾಡಿದ ಈ ತೀರ್ಪನ್ನು ಶ್ರವಣಬೆಳಗೊಳದ ಶಾಸನವು ಇಂದಿಗೂ ಹೇಳುತ್ತಿದೆ. ಕಾವಲಿನ ವೆಚ್ಚವು ಮಾತ್ರ ದುರ್ಬಲರ ಮೇಲೆಯೇ ಬಿದ್ದಿತೆಂಬುದನ್ನೂ ಮರೆಯಬಾರದು.

ಪ್ರೌಢದೇವರಾಯನ (1424-1446) ಕಾಲದಲ್ಲಿ ಮುಳುವಾಯಿರಾಜ್ಯವು ಲಕ್ಕಣ್ಣ ದಂಡೇಶನ ಕೈಗೆ ಬಂದಿತು. ಆತನು ವೀರಶೈವನು, ರಾಯನಿಗೆ ಆಪ್ತನು, ಮುಂದೆ ದಕ್ಷಿಣಸಮುದ್ರಾಧೀಶ್ವರನೆಂಬ ಬಿರುದನ್ನು ಧರಿಸಿದವನು. ಇಂತಹವನು ತನ್ನ ಸಮಯಕ್ಕಾಗಿ ಮಾಡಿದ ದೊಡ್ಡ ಸೇವೆ ಯಾವುದೆಂದರೆ ಶಿವತತ್ತ್ವಚಿಂತಾಮಣಿಯೆಂಬ ಗ್ರಂಥ. ದಂಡನಾಯಕತನವು ಆತನೊಡನೆಯೇ ತೀರಿತು. 1565ರ ಯುದ್ಧದಿಂದ ಆ ರಾಜಧಾನಿಯೂ ಹಾಳಾಯಿತು. ಗ್ರಂಥವು ಮಾತ್ರ ಉಳಿದಿದೆ. ಅದನ್ನು ಓದುವುದಕ್ಕೆ ಯಾವ ಅರಸನ ಅಪ್ಪಣೆಯೂ ಬೇಕಾಗಿಲ್ಲ.

ಕಡೆಯದಾಗಿ, ಹೇಳುವುದಕ್ಕೆ ಸಂಕೋಚವಾದರೂ ಹೇಳಲೇಬೇಕಾದ ಸಂಗತಿಯೊಂದಿದೆ. 1638ರ ಹಳೇಬೀಡಿನ ಶಾಸನದಂತೆ, ಬೇಲೂರು ಸೀಮೆಯನ್ನು ವೆಂಕಟಾದ್ರಿನಾಯಕನು ಆಳುತ್ತಿದ್ದಾಗ, ಹುಚ್ಚಪ್ಪದೇವನೆಂಬ ನಮ್ಮವನೊಬ್ಬನು ವಿಜಯಪಾರ್ಶ್ವನಾಥನ ಬಸದಿಯ ಕಂಬಗಳಿಗೆ ಲಿಂಗಮುದ್ರೆಯನ್ನೊತ್ತಿದನು. ಜೈನರು ಅದನ್ನು ಅಳಿಸಿದರು, ಕಲಹವೆದ್ದಿತು. ಆಗ ವೀರಶೈವ ಮಹಾಮಹತ್ತಿನವರು ಕೂಡಿ, ಮೊದಲು ವಿಭೂತಿ ವೀಳ್ಯಗಳ ಮರ್ಯಾದೆ ನಡೆದು, ಅನಂತರ ಜೈನರು ತಮ್ಮ ಪೂಜೆಯನ್ನು ಪೂರ್ವಮರ್ಯಾದೆಯಂತೆ ನಡಸಿಕೊಳ್ಳಬಹುದೆಂದು ಒಪ್ಪಿದರು. ಈ ಜೈನಧರ್ಮಕ್ಕೆ ಅಡ್ಡಿಮಾಡಿದವನು ಶಿವದ್ರೋಹಿಯೆಂದೂ ಜಂಗಮದ್ರೋಹಿಯೆಂದೂ ಕಲ್ಲಿನಲ್ಲಿ ಕೆತ್ತಿಸಿದರು.

ವಿಭೂತಿ ವೀಳ್ಯಗಳ ಆ ನಿಬಂಧನೆಯಲ್ಲಿ ಬಲವಂತರ ಗತ್ತು ಇದ್ದೇ ಇದೆ, ಅದನ್ನು ಮುಚ್ಚಿಡಲಾಗದು. ಆದರೂ ಪರರ ಪೂಜೆಗೆ ವಿಘ್ನಮಾಡುವುದು ಶಿವನಿಗೇ ಮಾಡುವ ದ್ರೋಹವೆಂದು ನಮ್ಮ ಹಿರಿಯರು ನಮ್ಮವರಿಗೇ ಶಾಪವನ್ನು ಬರೆಯಿಸಿದರಲ್ಲ, ಅದು ಸಾಮಾನ್ಯವಲ್ಲ. ಕನೋಸ್ಸದಲ್ಲಿ ಗುರುವು ಅರಸನನ್ನು ಬಾಗಿಸಿದನು. ಹಳೇಬೀಡಿನಲ್ಲಿ ಗುರುಸಮೂಹವು ತನ್ನವರನ್ನು ಬಾಗಿಸಿತು. ಎರಡನೆಯದೇ ಕಷ್ಟತರವೆಂದು ನನ್ನ ನಂಬಿಕೆ.

ಶರಣಬಂಧುಗಳೇ, ಅರಸರ ಕಾಲವು ಮುಗಿಯಿತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 26ನೆಯ ವಿಧಿಯು, ಸಾರ್ವಜನಿಕ ಸುವ್ಯವಸ್ಥೆ, ನೀತಿ, ಆರೋಗ್ಯಗಳಿಗೆ ಒಳಪಟ್ಟು, ಪ್ರತಿಯೊಂದು ಪಂಥಕ್ಕೂ ತನ್ನ ಧರ್ಮವಿಷಯಗಳನ್ನು ತಾನೇ ನಡಸಿಕೊಳ್ಳುವ ಹಕ್ಕನ್ನು ಕೊಟ್ಟಿದೆ. ಮಿತಾಕ್ಷರವು ಅರಸನ ಕರ್ತವ್ಯವೆಂದುದು ಇಂದು ಪ್ರಜೆಯ ಹಕ್ಕಾಗಿದೆ. ಆದರೂ ಅಧಿಕಾರದಲ್ಲಿರುವವರು ಮಠದ ಬಾಗಿಲಿಗೆ ಬರುವುದು ನಿಂತಿಲ್ಲ; ನಾವು ಅವರ ಬಾಗಿಲಿಗೆ ಹೋಗುವುದೂ ನಿಂತಿಲ್ಲ. ಬಂದವರಿಗೆ ಪ್ರಸಾದವನ್ನು ಕೊಡೋಣ, ಬುದ್ಧಿಯನ್ನೂ ಹೇಳೋಣ. ಆದರೆ ಹಾಗೆ ಹೇಳುವ ಧೈರ್ಯವು ಗುರುಪೀಠಕ್ಕೆ ಇರಬೇಕಾದರೆ, ದಾಸೋಹದ ಒಲೆಯು ಭಕ್ತರು ತಂದ ಹಿಡಿಯಕ್ಕಿಯಿಂದಲೇ ಉರಿಯಬೇಕು. ಆ ಹೊಣೆಯು ನಿಮ್ಮದು. ಪರಸಮಯದವರು ಈ ಊರಿನಲ್ಲಿ ನಮ್ಮಿಂದ ನಿರ್ಭಯರಾಗಿರುವಂತೆ ನೋಡಿಕೊಳ್ಳುವುದೂ ನಿಮ್ಮದೇ. ಶ್ರೀಪಾದರಾಜರ ಮಠವೂ ಹೈದರ್ ವಲಿಯವರ ದರ್ಗಾವೂ ಇರುವ ಮುಳಬಾಗಿಲಿನವರಿಗೆ ಇದನ್ನು ಹೆಚ್ಚಾಗಿ ಹೇಳಬೇಕಾಗಿಲ್ಲ.