ಬಟ್ಟಲ ಕಪಾಟಿನಾಗ, ಬಾಟ್ಲಿ ಬಾಯಾಗ: ಕೂಸಿಗೆ ವಾಟಿಲೆ ಕುಡಿಯೋದು ಕಲಿಸೋದು ಹೆಂಗ?

 

ಕಬ್ಬಿನ ಬಿಲ್ಲು, ಬ್ಯಾಂಕ್ ಸಾಲ, ಸೊಸೈಟಿ ಬಡ್ಡಿ ಅಂತ ಮಾತಾಡೋ ಹುಡುಗಿ ಇವತ್ತ ಕೂಸಿನ ಹಾಲಿನ ಬಾಟ್ಲಿಗೆ ಯಾಕ ಬಂದ್ಲು ಅಂತ ನೀವು ಕೇಳಬಹುದು. ನಾ ಡಾಕ್ಟರ್ ಅಲ್ರಿ, ಬಿ.ಕಾಂ. ಓದಿದಾಕಿ. ಆದ್ರ ಬಾಟ್ಲಿ ಬಿಡಿಸಿ ವಾಟಿಲೆ ಕುಡಿಯೋದು ಕಲಿಸೋದ್ರಾಗೂ ಒಂದು ಲೆಕ್ಕ ಐತಿ. ಹಾಲಿನ ಲೆಕ್ಕ, ವ್ಯಾಳ್ಯಾದ ಲೆಕ್ಕ, ಮತ್ತ ಆ ವ್ಯಾಳ್ಯಾ ಯಾರು ಕೊಡಬೇಕು ಅನ್ನೋ ಲೆಕ್ಕ. ಕಡೀ ಲೆಕ್ಕ ತಪ್ಪಿದ ಮನಿಯೊಳಗ ಬಾಟ್ಲಿ ಬಿಡೂದಿಲ್ಲ.

ಶುರು ಮಾಡೋಕಿಂತ ಮೊದಲು ಎರಡು ಮಾತು ಸ್ಪಷ್ಟ ಮಾಡ್ತೀನಿ. ಒಂದು, ಇದು ಎದೆಹಾಲು ಬಿಡಿಸೋ ಮಾತಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳೋದು, ಮೊದಲ 6 ತಿಂಗಳು ಎದೆಹಾಲು ಮಾತ್ರ, ಆಮೇಲೆ ಊಟದ ಜೊತಿಗೆ 2 ವರ್ಷ ಮತ್ತ ಅದಕ್ಕೂ ಮುಂದ ಎದೆಹಾಲು ಮುಂದುವರಿಸಬಹುದು ಅಂತ. ತಾಯಿ ಹಾಲ ಕುಡಿಯೋ ಕೂಸಿಗೆ ಬಾಟ್ಲಿ ಅನ್ನೋ ನಡುವಿನ ಮೆಟ್ಟಲನ ಬೇಕಿಲ್ಲ, ಸೀದಾ ವಾಟಿಗೆ ಬರಬಹುದು. ಎರಡು, ವರ್ಷದೊಳಗಿನ ಕೂಸಿಗೆ ಎದೆಹಾಲು ಸಾಲದಿದ್ರ ಯಾವ ಹಾಲ ಕೊಡಬೇಕು, ಎಷ್ಟು ಕೊಡಬೇಕು ಅನ್ನೋದನ್ನ ನಿಮ್ಮ ಡಾಕ್ಟರ್ ಹೇಳಬೇಕು. ಇವತ್ತಿನ ಮಾತು ಪಾತ್ರೆಯದ್ದು.

ವಾಟಿ ನಮಗೇನು ಹೊಸಾದಲ್ಲ. ತೊಟ್ಟಿಲ ಕಾರ್ಯಕ್ಕ ಬಂದ ಮಂದಿ ಕೂಸಿಗೆ ಬೆಳ್ಳಿ ಬಟ್ಟಲ ತರ್ತಾರ. ಆ ಬಟ್ಟಲ ಕಪಾಟಿನಾಗ ಹೋಗಿ ಕುಂದರ್ತೈತಿ, ಪ್ಲಾಸ್ಟಿಕ್ ಬಾಟ್ಲಿ ಕೂಸಿನ ಬಾಯಾಗ. ಹಳೇ ಮೈಸೂರು ಕಡೆ ಕೂಸಿಗೆ ಹಾಲ ಕುಡಿಸಾಕ ಮೂತಿ ಇರೋ ಸಣ್ಣ ಪಾತ್ರೆ ಇತ್ತು, ‘ಒಳಲೆ’ ಅಂತಾರ. ಅದನ್ನ ಮರಾಠಿ ಮನಿಗಳಾಗ ‘ಬೋಂಡ್ಲ’ ಅಂತಾರ. ಇವತ್ತಿಗೂ ದೊಡ್ಡ ದವಾಖಾನಿಯೊಳಗ, ದಿನ ತುಂಬೋಕಿಂತ ಮೊದಲ ಹುಟ್ಟಿದ, ಎದಿಗೆ ಹಚ್ಚಿ ಚೀಪೋ ಶಕ್ತಿ ಇಲ್ಲದ ಕೂಸುಗಳಿಗೆ ನರ್ಸ್‌ಗಳು ಇಂಥ ಪಾತ್ರೆಯಿಂದನ, ಇಲ್ಲಾ ಸಣ್ಣ ಕಪ್ಪಿನಿಂದ, ತಾಯಿ ಹಾಲ ಹಿಂಡಿ ಕುಡಸ್ತಾರ. ಅಷ್ಟು ಸಣ್ಣ ಕೂಸು ಕಪ್ಪಿನಿಂದ ಗುಟುಕರಿಸ್ತೈತಿ ಅಂದ್ರ, ನಮ್ಮ ಮನಿಯ 8 ತಿಂಗಳ ಗಟ್ಟಿಮುಟ್ಟಾದ ಕೂಸಿಗೆ ಬರೂದಿಲ್ಲ ಅಂತ ಹೆಂಗ ಅನ್ನೋದ್ರಿ?

ಈಗ ಹಾಲಿನ ಲೆಕ್ಕ. ಅಂಗಡಿಯಾಗ ಸಿಗೋ ದೊಡ್ಡ ಬಾಟ್ಲಿ 250 ಮಿಲಿ ಹಿಡಿತೈತಿ. ದಿನಕ್ಕ ನಾಕು ಬಾಟ್ಲಿ ಅಂದ್ರ ಒಂದು ಲೀಟರ್. ಒಂದೂವರೆ ವರ್ಷದ ಕೂಸಿನ ಹೊಟ್ಟಿಗೆ ಲೀಟರ್ ಹಾಲ ಹೋದ ಮ್ಯಾಲ ರೊಟ್ಟಿ, ಬ್ಯಾಳಿ, ಪಲ್ಯಾಕ ಜಾಗಾ ಎಲ್ಲಿ? ಹಾಲಿನಾಗ ಕಬ್ಬಿಣದ ಅಂಶ ಭಾಳ ಕಡಿಮಿ. ಹಾಲ ಹೆಚ್ಚಾಗಿ ಊಟ ಕಡಿಮಿ ಆದ್ರ ರಕ್ತ ಕಡಿಮಿ ಆಗ್ತೈತಿ. ವರ್ಷ ದಾಟಿದ ಮಕ್ಕಳಿಗೆ ದಿನಕ್ಕ ಅರ್ಧ ಲೀಟರ್ ಆಸುಪಾಸು ಹಾಲ ಸಾಕು ಅಂತಾರ ಮಕ್ಕಳ ಡಾಕ್ಟರ್‌ಗಳು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದೊಳಗ 6 ತಿಂಗಳಿಂದ 5 ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕ 65ಕ್ಕಿಂತ ಹೆಚ್ಚು ಮಕ್ಕಳಿಗೆ ರಕ್ತಹೀನತೆ ಐತಿ. ಅದೆಲ್ಲಾ ಬಾಟ್ಲಿದಿಂದ ಬಂತು ಅಂತ ನಾ ಹೇಳಾತಿಲ್ಲ. ಆದ್ರ ‘ನಮ್ಮ ಕೂಸು ಊಟಾನ ಮಾಡೂದಿಲ್ರಿ’ ಅನ್ನೋ ಮನಿಯೊಳಗ ಮೊದಲು ಬಾಟ್ಲಿ ಎಣಿಸಿ ನೋಡಬೇಕು. ವಾಟಿಲೆ ಕೂಸು ಬೇಕಾದಷ್ಟ ಕುಡಿದು ಬಿಡ್ತೈತಿ. ಬಾಟ್ಲಿ ಹಂಗಲ್ಲ, ಹಸಿವು ಇಲ್ಲದಿದ್ರೂ ಚೀಪ್ಕೋತ ಇರ್ತೈತಿ.

ಎರಡನೇದು ಹಲ್ಲು. ಬಾಯಾಗ ಬಾಟ್ಲಿ ಇಟ್ಕೊಂಡು ನಿದ್ದಿ ಹೋದ್ರ, ಹಾಲಿನ ಸಿಹಿ ಅಂಶ ರಾತ್ರಿಯೆಲ್ಲಾ ಹಲ್ಲಿಗೆ ಹತ್ತಿಕೊಂಡಿರ್ತೈತಿ. ಮ್ಯಾಲಿನ ಮುಂದಿನ ಹಲ್ಲು ಮೊದಲು ಕಂದು, ಆಮೇಲೆ ಕಪ್ಪಾಗಿ ಸವಿತಾವ. ಸಕ್ಕರಿ ಹಾಕಿದ ಹಾಲು, ಚಹಾ, ಬಿಸ್ಕೀಟ ಕಲಸಿದ ಹಾಲು ಬಾಟ್ಲಿಗೆ ಹಾಕಿದ್ರ ಇನ್ನೂ ಲಗೂನ. ಅಂಗಾತ ಮಲಗಿ ಬಾಟ್ಲಿ ಕುಡಿಯೋ ಮಕ್ಕಳಿಗೆ ಕಿವಿ ಸೋರೋ ತ್ರಾಸೂ ಹೆಚ್ಚು.

ಮೂರನೇದು ಸ್ವಚ್ಛತಾ. ಬಾಟ್ಲಿಗೆ ಕುತ್ತಿಗಿ ಐತಿ, ಮುಚ್ಚಳ ಐತಿ, ನಿಪ್ಪಲ್ ಐತಿ. ಪ್ರತಿಯೊಂದರ ಸಂದಿಯಾಗೂ ಹಾಲ ಕುಂದರ್ತೈತಿ. ಬ್ರಶ್ ಹಾಕಿ ತಿಕ್ಕಿ, ಪ್ರತಿಸಲ ನೀರಾಗ ಕುದಿಸಬೇಕು. ಸ್ಟೀಲ್ ವಾಟಿಗೆ ಮೂಲಿ ಇಲ್ಲ, ಸಾಬಾಣ ಹಚ್ಚಿ ಚಲೋ ನೀರಿಲೆ ತೊಳೆದ್ರ ಕಣ್ಣಿಗೇ ಕಾಣ್ತೈತಿ.

ಇದು ನಮ್ಮ ಭಾಗಕ್ಕ ಎಷ್ಟು ದೊಡ್ಡ ಮಾತು ಅಂದ್ರ, 2019ರ ಆಗಸ್ಟ್ ನೆನಪು ಮಾಡ್ಕೊಳ್ರಿ. ಕೃಷ್ಣಾ, ದೂಧಗಂಗಾ, ವೇದಗಂಗಾ ಮೂರೂ ತುಂಬಿ, ಯಡೂರು, ಇಂಗಳಿ, ಜುಗೂಳ, ಮಂಗಾವತಿ, ಕುಡಚಿ, ಸತ್ತಿ ಕಡಿ ಮಂದಿ ಮನಿ ಬಿಟ್ಟು ಬಂದ್ರು. 2021ರ ಜುಲೈದಾಗ ಮತ್ತೊಮ್ಮೆ ನೀರ ಬಂತು. ಸಾಲಿಯೊಳಗಿನ ಕಾಳಜಿ ಕೇಂದ್ರದಾಗ ನೂರಾರು ಮಂದಿ ನಡುವ, ಒಂದು ಬಾಟ್ಲಿ ಕುದಿಸಾಕ ಗ್ಯಾಸ್ ಎಲ್ಲಿ, ಸ್ವಚ್ಛ ನೀರ ಎಲ್ಲಿ? ತೊಳಿಯದ ಬಾಟ್ಲಿ ಅಂದ್ರ ವಾಂತಿ, ಭೇದಿ. ಅದಕ್ಕ ಜಗತ್ತಿನ ಯಾವ ವಿಪತ್ತಿನೊಳಗೂ ಕೂಸುಗಳಿಗೆ ಬಾಟ್ಲಿ ಹಂಚಬ್ಯಾಡ್ರಿ, ಕಪ್ ಕೊಡ್ರಿ ಅಂತ ಅಂತಾರಾಷ್ಟ್ರೀಯ ಮಾರ್ಗಸೂಚಿ ಐತಿ. ಹೊಳಿ ದಂಡಿ ಊರಾಗ ಇರೋರು ಮಳಿಗಾಲದೊಳಗ ಕೂಸಿಗೆ ವಾಟಿ ರೂಢಿ ಮಾಡಿಸಿಟ್ರ, ಅದೂ ಒಂದು ಪೂರ್ವತಯಾರಿನ.

ಹಂಗಾದ್ರ ಯಾವಾಗ ಶುರು ಮಾಡಬೇಕು? 6 ತಿಂಗಳು ತುಂಬಿದ ಮ್ಯಾಲ, ಕೂಸು ಕುತ್ತಿಗಿ ಗಟ್ಟಿ ನಿಲ್ಲಿಸಿ, ಆಸರೆ ಕೊಟ್ರ ಕುಂದರ್ತೈತಿ ಅಂದ್ರ ಶುರು ಮಾಡ್ರಿ. ಮೊದಲ ವರ್ಷದ ಹುಟ್ಟುಹಬ್ಬದಿಂದ ಒಂದೂವರೆ ವರ್ಷದೊಳಗ ಬಾಟ್ಲಿ ಪೂರಾ ಬಿಡಬೇಕು. ಆರು ತಿಂಗಳಿಗೆ ಕಲಿಸೋದು ಹಗುರ, ಎರಡು ವರ್ಷಕ್ಕ ಬಿಡಿಸೋದು ಜಗಳ.

ಹೆಂಗ ಕಲಿಸೋದು ಅಂದ್ರ ಕೇಳ್ರಿ. ಸಣ್ಣ, ಹಗುರ, ಅಂಚು ನುಣ್ಣಗಿರೋ ವಾಟಿ ತಗೊಳ್ರಿ. ಅದರಾಗ ಎರಡು ಚಮಚಾದಷ್ಟು ಹಾಲು ಇಲ್ಲಾ ಕುದಿಸಿ ಆರಿಸಿದ ನೀರು ಸಾಕು. ಕೂಸನ್ನ ತೊಡಿ ಮ್ಯಾಲ ನೆಟ್ಟಗ ಕುಂದರಿಸಿ, ಎದಿಗೊಂದು ಟಾವೆಲ್ ಕಟ್ರಿ. ವಾಟಿ ಅಂಚು ಕೆಳತುಟಿ ಮ್ಯಾಲ ಇಟ್ಟು, ಹಾಲ ತುಟಿಗೆ ಹತ್ತೋವಷ್ಟ ಬಗ್ಗಿಸ್ರಿ. ಬಾಯಿಗೆ ಸುರಿಬ್ಯಾಡ್ರಿ. ಕೂಸು ನಾಲಿಗಿಲೆ ನೆಕ್ಕತೈತಿ, ಆಮೇಲೆ ಸೊರ್ ಅಂತ ಎಳಕೊಳ್ತೈತಿ. ಒಂದು ಗುಟುಕು ನುಂಗಿದ ಮ್ಯಾಲ ಇನ್ನೊಂದು. ಮಾರಿ ತಿರುಗಿಸಿದ್ರ ಅಲ್ಲಿಗೆ ನಿಲ್ಲಿಸ್ರಿ. ನೀರ ಲಗೂ ಹರಿದು ಕೆಮ್ಮು ಬರ್ತೈತಿ ಅಂದ್ರ, ರಾಗಿ ಅಂಬಲಿಯಂಥ ಸ್ವಲ್ಪ ಗಟ್ಟಿ ಇರೋದ್ರಿಂದ ರೂಢಿ ಮಾಡಸ್ರಿ, ಅದು ಸಾವಕಾಶ ಹರಿತೈತಿ. ಮೊದಲ ವಾರ ಅರ್ಧ ಹಾಲು ಅಂಗಿ ಮ್ಯಾಲ ಚೆಲ್ತೈತಿ. ಖರ್ಚಿನ ಬಾಬ್ತಿನಾಗ ಬರ್ಕೊಳ್ರಿ, ನುಕಸಾನ ಅನಬ್ಯಾಡ್ರಿ.

ಮುಂದ ಬಾಟ್ಲಿ ಇಳಿಸೋ ಲೆಕ್ಕ. ದಿನಕ್ಕ ನಾಕು ಬಾಟ್ಲಿ ಇದ್ರ ಎಲ್ಲಾ ಒಮ್ಮೆ ಕಸಿಬ್ಯಾಡ್ರಿ. ಮಧ್ಯಾಹ್ನದ್ದು ಮೊದಲು, ಯಾಕಂದ್ರ ಆಗ ಕೂಸಿಗೆ ಭಾಳ ಹಸಿವೂ ಇರೂದಿಲ್ಲ, ನಿದ್ದಿಗಣ್ಣೂ ಇರೂದಿಲ್ಲ. ಆ ಒಂದು ಹೊತ್ತು ಐದಾರು ದಿನ ಬರೇ ವಾಟಿ. ಅದು ಕುಂತ ಮ್ಯಾಲ ಸಂಜೀದು, ಆಮೇಲೆ ಮುಂಜಾನಿದು. ರಾತ್ರಿದು ಕಡೀಗೆ. ಒಟ್ಟು ಮೂರ್ನಾಕು ವಾರದ ಕೆಲಸ. ಈ ದಿನಗಳಾಗ ಹಾಲ ಸ್ವಲ್ಪ ಕಡಿಮಿ ಹೋಗ್ತೈತಿ, ಹೆದರಬ್ಯಾಡ್ರಿ. ವರ್ಷ ದಾಟಿದ ಕೂಸಿಗೆ ಮಸರನ್ನ, ಬ್ಯಾಳಿ ಹಾಕಿ ಮೆತ್ತಗ ಕಲಸಿದ ರೊಟ್ಟಿ, ತತ್ತಿ ತಿನ್ನೋ ಮನಿಯಾದ್ರ ತತ್ತಿ, ಇವು ಆ ಜಾಗಾ ತುಂಬತಾವ.

ರಾತ್ರಿ ಬಾಟ್ಲಿ ಎಲ್ಲಾಕ್ಕಿಂತ ಕಠಿಣ, ಯಾಕಂದ್ರ ಅದು ಹಾಲಲ್ಲ, ನಿದ್ದಿ. ಹಾಲ ವಾಟಿಲೆ ಊಟದ ಜೊತಿಗೆ ಮುಗಿಸಿ, ಸ್ವಚ್ಛ ಅರಿವೀಲೆ ಹಲ್ಲು ಒರಿಸಿ, ಆಮೇಲೆ ಮಲಗಿಸ್ರಿ. ಬಾಟ್ಲಿ ಬದಲಿಗೆ ಬೇರೆ ಏನರ ಬೇಕಲ್ರಿ: ಜೋಗುಳ, ಬೆನ್ನು ತಟ್ಟೋದು, ಆಯಿ ಹೇಳೋ ಕಥಿ. ನಡುರಾತ್ರಿ ಎದ್ದು ಅತ್ರ ವಾಟಿಲೆ ನೀರ ಕೊಡ್ರಿ. ಮೂರು ರಾತ್ರಿ ಅಳು ಜೋರು ಇರ್ತೈತಿ. ನಾಕನೇ ರಾತ್ರಿ ‘ಪಾಪ’ ಅಂತ ಬಾಟ್ಲಿ ಕೊಟ್ರಿ ಅಂದ್ರ, ಮೂರು ರಾತ್ರಿ ಅತ್ರ ಸಿಗ್ತೈತಿ ಅಂತ ಕೂಸಿಗೆ ನೀವ ಕಲಿಸಿದಂಗ.

ಕೆಲವು ಮನಿಯೊಳಗ ನಿಪ್ಪಲ್‌ಗೆ ಬೇವಿನ ರಸ, ಖಾರ ಹಚ್ಚತಾರ. ಬ್ಯಾಡ್ರಿ. ಬಾಯಿ ಸುಡ್ತೈತಿ, ಕುಡಿಯೋದರ ಮ್ಯಾಲನ ಅಂಜಿಕಿ ಕುಂದರ್ತೈತಿ. ಸಿಪ್ಪರ್ ತಗೋಬಹುದಾ ಅಂತ ಕೇಳ್ತಾರ. ಬಸ್ಸಿನಾಗ, ಜಾತ್ರ್ಯಾಗ ನೀರ ಕುಡಸಾಕ ಅಡ್ಡಿಯಿಲ್ಲ. ಆದ್ರ ಸಿಪ್ಪರ್‌ನಾಗೂ ಚೀಪೋದನ ಇರ್ತೈತಿ, ಹಾಲ ತುಂಬಿ ದಿನವಿಡೀ ಕೈಯಾಗ ಕೊಟ್ರ ಅದೂ ಇನ್ನೊಂದು ಬಾಟ್ಲಿ. ಇನ್ನ ಉಡುಗೊರೆ ಕೊಡೋರಿಗೆ ಒಂದು ಮಾತು: ನಮ್ಮ ದೇಶದೊಳಗ ಹಾಲುಣಿಸೋ ಬಾಟ್ಲಿಯ ಜಾಹೀರಾತು ಮಾಡೋದನ್ನ 1992ರ ಕಾಯ್ದೆ ನಿಷೇಧ ಮಾಡೇತಿ. ಕಾಯ್ದೆನ ಜಾಹೀರಾತು ಬ್ಯಾಡ ಅಂದ ವಸ್ತುವನ್ನ ನಾವು ತೊಟ್ಟಿಲ ಕಾರ್ಯಕ್ಕ ಯಾಕ ಒಯ್ಯಬೇಕು?

ಈಗ ಕಡೀ ಲೆಕ್ಕ. ಬಾಟ್ಲಿ ಕೂಸಿನ ಕೈಯಾಗ ಕೊಟ್ರ ತಾಯಿಗೆ ಹದಿನೈದು ನಿಮಿಷ ಉಳಿತಾವ. ವಾಟಿಲೆ ಕುಡಿಸಿದ್ರ ಆ ಹದಿನೈದು ನಿಮಿಷ ಒಬ್ಬರು ಕುಂದರಬೇಕು. ನಿಪ್ಪಾಣಿ ಕಡೆ ಮನಿಯಾಗ ಬೀಡಿ ಕಟ್ಟೋ ಹೆಣ್ಮಕ್ಕಳಿಗೆ ಪಗಾರ ಸಾವಿರ ಬೀಡಿ ಲೆಕ್ಕದಾಗ. ತಾಸಿಗೆ ನೂರು ಬೀಡಿ ಕಟ್ಟೋ ಕೈ ಅಂತ ಹಿಡಿರಿ. ದಿನಕ್ಕ ನಾಕು ಸಲ ಹದಿನೈದು ನಿಮಿಷ ಅಂದ್ರ ಒಂದು ತಾಸು, ನೂರು ಬೀಡಿ ಕಡಿಮಿ. ಮ್ಯಾಲ, ತಂಬಾಕಿನ ಕೈ ಪ್ರತಿಸಲ ಸಾಬಾಣ ಹಚ್ಚಿ ತೊಳಿಬೇಕು, ಅದು ಬೇಕೇ ಬೇಕು. ಕಬ್ಬು ಕಡಿಯೋ ಹಂಗಾಮಿನಾಗಂತೂ ನಸುಕಿನಾಗ ಫಡಕ್ಕ ಹೋಗೋ ತಾಯಿ, ಕೂಸನ್ನ ಅದರ ಏಳೆಂಟು ವರ್ಷದ ಅಕ್ಕನ ಕೈಯಾಗ ಕೊಟ್ಟು ಹೋಗ್ತಾಳ. ಆಕಿಗೆ ‘ಬಾಟ್ಲಿ ಬಿಡಿಸವ್ವಾ’ ಅಂತ ಬರೇ ಬುದ್ಧಿ ಹೇಳಿದ್ರ, ಆಕಿ ಪಗಾರ ಕೊಯ್ದಂಗ, ಮ್ಯಾಲ ಬೈದಂಗ.

ಹಂಗಾಗಿ ಬಾಟ್ಲಿ ಬಿಡಿಸೋದು ತಾಯಿ ಒಬ್ಬಾಕಿ ಕೆಲಸ ಅಲ್ರಿ. ರಾತ್ರಿ ವಾಟಿ ಅಪ್ಪಂದು, ಮಧ್ಯಾಹ್ನದ್ದು ಆಯಿದು ಇಲ್ಲಾ ಅಜ್ಜಂದು ಅಂತ ಹಂಚಿಕೊಂಡ್ರ ತಾಯಿ ಪಾಲಿಗೆ ಎರಡ ಉಳಿತಾವ. ಗಂಡಮಕ್ಕಳ ಕೈಯಾಗ ಕೂಸು ವಾಟಿ ಹಿಡಿಯೂದಿಲ್ಲ ಅಂತ ಯಾವ ಡಾಕ್ಟರೂ ಹೇಳಿಲ್ಲ. ಊರ ಮಟ್ಟದಾಗ ಸರ್ಕಾರದ ‘ಕೂಸಿನ ಮನೆ’ ಅದಾವ, ಉದ್ಯೋಗ ಖಾತ್ರಿ ಕೆಲಸಕ್ಕ ಹೋಗೋ ತಾಯಂದಿರ 3 ವರ್ಷದೊಳಗಿನ ಮಕ್ಕಳಿಗೆ. ಅಂಗನವಾಡಿಯಾಗ ದಿನಾ ಹೋಗಿ ಕುಂದರೋದು 3 ವರ್ಷ ತುಂಬಿದ ಮಕ್ಕಳು. ಬೀಡಿ ಕಟ್ಟೋ, ಕಬ್ಬು ಕಡಿಯೋ ತಾಯಿಯ ಒಂದು ವರ್ಷದ ಕೂಸು ಈ ಎರಡರ ನಡುವ ಉಳಿಬಾರದು. ನಿಮ್ಮ ಊರಿನ ಕೂಸಿನ ಮನಿ ನಡದೈತಾ, ಎಷ್ಟು ತಾಸು ತೆಗದಿರ್ತೈತಿ, ಈ ತಾಯಂದಿರ ಕೂಸುಗಳನ್ನೂ ತಗೋತಾರಾ ಅಂತ ಗ್ರಾಮ ಸಭಾದಾಗ ಕೇಳ್ರಿ. ರಸ್ತೆ, ಗಟಾರ ಕೇಳಿದಂಗನ ಇದನ್ನೂ ಕೇಳಬೇಕು.

ಕಡೀಗೆ ಎಚ್ಚರಿಕಿ. ಜ್ವರ, ಭೇದಿ ಇದ್ದಾಗ, ಲಸಿಕೆ ಹಾಕಿಸಿದ ಎರಡು ದಿನ, ಮನಿ ಬದಲಿ ಮಾಡಿದ ವಾರ ಇದನ್ನ ಶುರು ಮಾಡಬ್ಯಾಡ್ರಿ. ದಿನ ತುಂಬದ ಹುಟ್ಟಿದ ಕೂಸು, ತೂಕ ಕಡಿಮಿ ಇರೋದು, ಸೀಳು ತುಟಿ ಇರೋದು, ಪ್ರತಿ ಗುಟುಕಿಗೂ ಕೆಮ್ಮೋ ಕೂಸು ಇದ್ರ ಮೊದಲು ಡಾಕ್ಟರ್‌ಗೆ ತೋರಸ್ರಿ. ಉಚ್ಚಿ ಕಡಿಮಿ ಆತು, ಕೂಸು ಜೋಲು ಬಿತ್ತು ಅಂದ್ರ ಕಾಯಬ್ಯಾಡ್ರಿ. ಆಶಾ ಕಾರ್ಯಕರ್ತೆಗೆ ಹೇಳ್ರಿ, ದವಾಖಾನಿಗೆ ಹೋಗ್ರಿ.

ಇವತ್ತ ರಾತ್ರಿ ಒಂದು ಕೆಲಸ ಮಾಡ್ರಿ. ಬಾಟ್ಲಿ ಎಷ್ಟು ಅಂತ ಎಣಿಸ್ರಿ, ನಾಳಿ ಮಧ್ಯಾಹ್ನದ್ದು ಯಾರು ಕುಡಸ್ತಾರ ಅಂತ ಮನಿಯೊಳಗ ಕುಂತು ಠರಾಯಿಸ್ರಿ. ಕಪಾಟಿನ ಬೆಳ್ಳಿ ಬಟ್ಟಲ ತಗದು ಬಿಸಿನೀರಿಲೆ ತೊಳದಿಡ್ರಿ. ಮುಂದಿನ ಕಂತಿನಾಗ ಕಬ್ಬಿನ ಬಾಕಿ ಬಿಲ್ಲಿನ ಮಾತಿಗೆ ಮತ್ತ ಬರೋಣು.